ನಮ್ಮ ರೋಡಿನ ಹುಡುಗ ಸರಗಳ್ಳತನದ ಕೇಸಲ್ಲಿ ಸಿಕ್ಕಿಬಿದ್ದ. ಗ್ರಹಚಾರವಾ, ಸೈಕೋನಾ, ಸಹವಾಸವಾ?

ಸಂಜೆ_ಕಾಫಿ
ಹೆಸರು, ಏರಿಯಾ ಕೇಳಬೇಡಿ, ಹೇಳಲ್ಲ. ಬೆಂಗಳೂರೇ. ಸ್ವಂತ ಮನೆ, ಕೆಳಗೆ ಎರಡು ಬಾಡಿಗೆ ಮನೆ. ಅಪ್ಪ ಸರ್ಕಾರಿ ನೌಕರಿ, ಅಮ್ಮ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತಾರೆ. ದೊಡ್ಡ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಚಿಕ್ಕವನು ಸೆಕೆಂಡ್ ಪಿಯುಸಿ, ಇನ್ನೂ 18 ತುಂಬಿಲ್ಲ. ಮೊನ್ನೆ ಬೆಳಗ್ಗೆ ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದ ಹೆಂಗಸಿನ ಸರ ಕಿತ್ತ ಕೇಸಲ್ಲಿ ಇವನು ಸಿಕ್ಕಿದ್ದಾನೆ. ಬೈಕ್ ಓಡಿಸಿದವನು ಬೇರೆ, ಹಿಂದೆ ಕೂತು ಕೈ ಹಾಕಿದವನು ಇವನು.

ಈಗ ರೋಡಿನಲ್ಲಿ ಮೂರು ಪಕ್ಷ ಆಗಿದೆ. ಅವರ ಅಜ್ಜಿ ಸಾಡೇಸಾತಿ ಅನ್ನುತ್ತಾರೆ. ಎದುರು ಮನೆಯವರು "ಸೈಕೋ ಕಣ್ರೀ, ಕಣ್ಣು ನೋಡಿದರೇ ಗೊತ್ತಾಗುತ್ತಿತ್ತು" ಅನ್ನುತ್ತಾರೆ. (ಹೋದ ತಿಂಗಳವರೆಗೂ ಇದೇ ಹುಡುಗನ ಕೈಲಿ ಗ್ಯಾಸ್ ಸಿಲಿಂಡರ್ ಮೇಲೆ ಹೊರಿಸುತ್ತಿದ್ದರು.) ಸ್ಟೇಷನ್ನಿನ ಹೆಡ್ ಕಾನ್‌ಸ್ಟೇಬಲ್ ಒಂದೇ ಮಾತು ಹೇಳಿದರು: "ಸಹವಾಸ ಸಾರ್."

ಮನಶ್ಶಾಸ್ತ್ರ ಓದಿದವರು ಇಲ್ಲಿದ್ದೀರಲ್ವಾ. ಇಂಥದ್ದಕ್ಕೆ ನಿಮ್ಮಲ್ಲಿ ನಿಜವಾದ ಉತ್ತರ ಇದೆಯಾ? ಒಂದೇ ಮನೆ, ಒಂದೇ ಊಟ, ಅಣ್ಣ ಹಾಗೆ ತಮ್ಮ ಹೀಗೆ. ಹೇಗೆ?

ರಾಜಾಜಿನಗರ_ರಘು
ಮೊಬೈಲ್ ಕೊಟ್ಟಿದ್ದೇ ತಪ್ಪು. ಮುಗೀತು.

ಮಾತು_ಕಡಿಮೆ
ಹುಟ್ಟುಗುಣ ಸುಟ್ಟರೂ ಹೋಗಲ್ಲ. ಕೆಲವರ ರಕ್ತದಲ್ಲೇ ಇರುತ್ತೆ. ಸುಮ್ನೆ ಸಿದ್ಧಾಂತ ಯಾಕೆ?

ಎಂಎ_ಸೈಕಾಲಜಿ
"ರಕ್ತದಲ್ಲೇ ಇರುತ್ತೆ" ಅನ್ನುವುದೂ ಸಿದ್ಧಾಂತವೇ ಸ್ವಾಮಿ, ಅದೂ ಹಳೇ ಸಿದ್ಧಾಂತ. 1876ರಲ್ಲಿ ಇಟಲಿಯ ಲೊಂಬ್ರೋಸೊ ಎಂಬ ವೈದ್ಯ ಇದನ್ನೇ ಹೇಳಿದ. ಅಪರಾಧಿ ಹುಟ್ಟುತ್ತಲೇ ಅಪರಾಧಿ, ದವಡೆ, ಕಿವಿ, ಹಣೆ ನೋಡಿ ಗುರುತಿಸಬಹುದು ಅಂತ. ಎದುರು ಮನೆಯವರು "ಕಣ್ಣು ನೋಡಿದರೇ ಗೊತ್ತು" ಅಂದದ್ದೂ ಅದೇ ಧಾಟಿ. ಆಮೇಲೆ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಗೋರಿಂಗ್ 3,000ದಷ್ಟು ಕೈದಿಗಳನ್ನು ಅಳತೆ ಮಾಡಿ, ವಿದ್ಯಾರ್ಥಿಗಳು, ಸೈನಿಕರು ಮುಂತಾದವರ ಜೊತೆ ಹೋಲಿಸಿ ನೋಡಿದ. 1913ರಲ್ಲಿ ವರದಿ ಬಂತು. "ಅಪರಾಧಿ ಮುಖ" ಅಂತ ಒಂದು ಸಿಗಲೇ ಇಲ್ಲ.

ಹುಬ್ಬಳ್ಳಿಯಾಂವ
ಲೊಂಬ್ರೋಸೊ ತನಕ ಯಾಕೆ ಹೋಗುತ್ತೀರಿ ರೀ. ಅವನಿಗಿಂತ ಮೊದಲೇ, 1871ರಲ್ಲಿ ಬ್ರಿಟಿಷರು ಇಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. ಇಡೀ ಜಾತಿಯೇ ಹುಟ್ಟುಗಳ್ಳರು ಅಂತ ರಿಜಿಸ್ಟರ್‌ನಲ್ಲಿ ಬರೆದರು. ನಮ್ಮ ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಅಂತ ಏರಿಯಾ ಇದೆ, ಆ ಹೆಸರು ಬಂದದ್ದೇ ಅಲ್ಲಿಂದ. ಗಂಟಿಚೋರರಂಥ ಸಮುದಾಯದವರನ್ನು ತಂತಿ ಬೇಲಿಯೊಳಗೆ ಇಟ್ಟು ಹಾಜರಿ ಹಾಕಿಸಿಕೊಳ್ಳುತ್ತಿದ್ದರು. ಸಮುದಾಯದ ಹೆಸರಿನಲ್ಲೇ "ಚೋರ" ಅಂತ ಕೂತಿದೆ ನೋಡಿ. 1952ರಲ್ಲಿ ಕಾಯ್ದೆ ಹೋಯಿತು. ಜನರ ಬಾಯಿಂದ ಹೋಗಿಲ್ಲ. ನನ್ನ ಜೊತೆ ಓದಿದ ಗೆಳೆಯನಿಗೆ ಬೆಂಗಳೂರಲ್ಲಿ ಬಾಡಿಗೆ ಮನೆ ಕೇಳುವಾಗ ಊರಿನ ಏರಿಯಾ ಹೆಸರು ಹೇಳಲು ಇವತ್ತಿಗೂ ಹಿಂಜರಿಕೆ. "ರಕ್ತದಲ್ಲಿ ಇರುತ್ತೆ" ಅಂತ ಸಲೀಸಾಗಿ ಟೈಪ್ ಮಾಡುವಾಗ ಇದು ನೆನಪಿರಲಿ.

ಮಾತು_ಕಡಿಮೆ
ನಾನು ಜಾತಿ ಎತ್ತಲಿಲ್ಲ. ಜೀನ್ ಅಂತ ಒಂದು ಇದೆಯಲ್ಲ, ಅದನ್ನು ಹೇಳಿದೆ.

ಎಂಎ_ಸೈಕಾಲಜಿ
ಜೀನ್ ಬಗ್ಗೆ ಕೇಳಿ ಹಾಗಾದರೆ. ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ ಸಾವಿರ ಚಿಲ್ಲರೆ ಮಕ್ಕಳನ್ನು ಚಿಕ್ಕಂದಿನಿಂದ ಇವತ್ತಿನವರೆಗೆ ಗಮನಿಸುತ್ತಾ ಬಂದಿದ್ದಾರೆ. 2002ರಲ್ಲಿ ಅವರಲ್ಲಿನ ಗಂಡುಮಕ್ಕಳ ಎಂಎಒಎ ಎಂಬ ಜೀನ್ ನೋಡಿದರು. ಪತ್ರಿಕೆಗಳು ಅದಕ್ಕೆ "ಯೋಧ ಜೀನ್" ಅಂತೆಲ್ಲ ಹೆಸರು ಕೊಟ್ಟವು. ಆದರೆ ಆ ಜೀನ್ ಮಂದವಾಗಿದ್ದ ಮಾತ್ರಕ್ಕೆ ಹುಡುಗರು ಕೆಡಲಿಲ್ಲ. ಜೀನ್ ಮಂದ ಇದ್ದು, ಜೊತೆಗೆ ಬಾಲ್ಯದಲ್ಲಿ ಹೊಡೆತ-ಹಿಂಸೆ ತಿಂದವರಲ್ಲಿ ತೊಂದರೆ ಹೆಚ್ಚು ಕಂಡಿತು. ಆಮೇಲೆ ಬೇರೆಯವರು ಮಾಡಿದ ಅಧ್ಯಯನಗಳಲ್ಲಿ ಕೆಲವು ಇದನ್ನು ಒಪ್ಪಿದವು, ಕೆಲವು ಒಪ್ಪಲಿಲ್ಲ.

ಅದೇ ಊರಿನ ಮಕ್ಕಳ ಮೇಲೆ ಕೆಲಸ ಮಾಡಿದ ಟೆರ್ರಿ ಮಾಫಿಟ್ 1993ರಲ್ಲಿ ಹೇಳಿದ್ದು ನಿಮ್ಮ ರೋಡಿನ ಹುಡುಗನಿಗೆ ಜಾಸ್ತಿ ಹೊಂದುತ್ತದೆ. ಎರಡು ಥರ ಇದ್ದಾರೆ ಅನ್ನುತ್ತಾಳೆ ಆಕೆ. ಒಂದು ಸಣ್ಣ ಗುಂಪು ಮೂರು-ನಾಲ್ಕು ವರ್ಷದಿಂದಲೇ ಕಚ್ಚುವುದು, ಹೊಡೆಯುವುದು, ಶಾಲೆಯಲ್ಲಿ ರಗಳೆ. ದೊಡ್ಡವರಾದ ಮೇಲೂ ಬಿಡುವುದಿಲ್ಲ. ಇನ್ನೊಂದು ದೊಡ್ಡ ಗುಂಪು ಹರೆಯದಲ್ಲಿ ಶುರು ಮಾಡುತ್ತದೆ, ಕೆಲಸ, ಮದುವೆ ಅಂತ ಜವಾಬ್ದಾರಿ ಬಂದ ಮೇಲೆ ನಿಲ್ಲಿಸುತ್ತದೆ. ಮೈ ಬೆಳೆದಿದೆ, ಕೈಯಲ್ಲಿ ದುಡ್ಡಿಲ್ಲ, ಯಾರೂ ದೊಡ್ಡವನು ಅಂತ ಲೆಕ್ಕಕ್ಕೆ ಇಟ್ಟುಕೊಳ್ಳುತ್ತಿಲ್ಲ. ಆಗ ಯಾವನೋ ಒಬ್ಬ ಬುಲೆಟ್‌ನಲ್ಲಿ ಬಂದು "ಏನ್ ಮಗಾ" ಅಂದರೆ ಸಾಕು.

ಸಂಜೆ_ಕಾಫಿ
ಬುಲೆಟ್ ಅಲ್ಲ ಡ್ಯೂಕ್. ಉಳಿದದ್ದು ಪಕ್ಕಾ.

ಖಾಕಿ_ನಿವೃತ್ತ
ಡಿಪಾರ್ಟ್‌ಮೆಂಟಿನಲ್ಲಿ ಇದ್ದವನು ನಾನು. ಹೆಡ್ ಕಾನ್‌ಸ್ಟೇಬಲ್ ಹೇಳಿದ್ದು ಸರಿ. ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ.

ಸರಗಳ್ಳತನ ತಲೆಕೆಟ್ಟವರ ಕೆಲಸವಲ್ಲ, ಬಹಳ ಲೆಕ್ಕದ ಕೆಲಸ. ಹಿಂದಿನ ದಿನ ಬಂದು ರೋಡು ನೋಡುತ್ತಾರೆ. ಕೊನೆಗೆ ದಾರಿ ಇಲ್ಲದ ರೋಡಿಗೆ ಬರುವುದೇ ಇಲ್ಲ, ಎರಡು ತಿರುವಿನಲ್ಲಿ ರಿಂಗ್ ರೋಡ್ ಸಿಗಬೇಕು. ಕದ್ದ ಬೈಕು. ನಂಬರ್ ಪ್ಲೇಟಿನ ಒಂದು ಅಂಕಿ ಮೇಲೆ ಕಪ್ಪು ಟೇಪು, 3 ಇದ್ದದ್ದು 8 ಆಗುವ ಹಾಗೆ. ಹಾಲಿಗೆ ಹೋಗುವವರು, ವಾಕಿಂಗ್ ಬಂದವರು, ರಂಗೋಲಿಗೆ ಬಗ್ಗಿದವರು. ಬಗ್ಗಿದಾಗ ಸರ ಮುಂದಕ್ಕೆ ಜೋಲುತ್ತೆ, ಬೆರಳು ಹಾಕೋಕೆ ಸುಲಭ. ಎರಡೂ ಕೈಯಲ್ಲಿ ಪುಡಿ ಇರುತ್ತೆ, ಹಿಡ್ಕೊಳ್ಳೋಕೆ ಆಗಲ್ಲ. ಅನುಭವ ಇರುವವನು ಹೆಲ್ಮೆಟ್ ಹಾಕಿಕೊಂಡು ಮುಂದೆ ಕೂರುತ್ತಾನೆ. ಹೊಸ ಹುಡುಗನನ್ನು ಹಿಂದೆ ಕೂರಿಸುತ್ತಾನೆ. ಕ್ಯಾಮೆರಾದಲ್ಲಿ ಸಿಗುವ ಮುಖ ಯಾರದ್ದು? ಹಿಂದಿನವನದ್ದು. ಮಾಲು ಗಿರವಿ ಅಂಗಡಿಗೆ ಹೋಗುವ ಹೊತ್ತಿಗೆ ಈ ಹುಡುಗನ ಕೈಗೆ ಬರುವುದು ಒಂದು ಬಿರಿಯಾನಿ, ಒಂದು ಜೊತೆ ಶೂ.

ಬಸ್_335ಇ
ಸರ್ ನೀವು ಹೇಳಿದ್ದಕ್ಕೂ ಹೆಸರಿದೆ. 1979ರಲ್ಲಿ ಕೋಹೆನ್, ಫೆಲ್ಸನ್ ಅನ್ನುವವರು ಹೇಳಿದ್ದು. ಮಾಡುವ ಮನಸ್ಸಿರುವವನು, ಕೈಗೆ ಸಿಗುವ ವಸ್ತು, ಕಾಯುವವರು ಇಲ್ಲದ ಹೊತ್ತು. ಮೂರೂ ಒಂದು ಕಡೆ ಸೇರಿದರೆ ಅಪರಾಧ. ಮನಸ್ಸಿನೊಳಗೆ ಇಣುಕುವ ಗೋಜೇ ಬೇಡ, ಬೀದಿದೀಪ ಸರಿ ಮಾಡಿ ಅನ್ನುತ್ತಾರೆ.

ರಾಜಾಜಿನಗರ_ರಘು
ಬೀದಿದೀಪ ಸರಿ ಮಾಡಿಸೋದಕ್ಕಿಂತ ಮನಸ್ಸು ಸರಿ ಮಾಡೋದೇ ಸುಲಭ ಬೆಂಗಳೂರಲ್ಲಿ 😄

ಶಾರದಾ_ಟೀಚರ್
ನನಗೆ ಬೇಜಾರಾಗುವುದು ಇಂಥ ಸುದ್ದಿ ಬಂದ ತಕ್ಷಣ "ತಾಯಿ ಕೆಲಸಕ್ಕೆ ಹೋಗುತ್ತಾಳೆ, ಅದಕ್ಕೇ" ಅನ್ನುವವರನ್ನು ನೋಡಿ. ಇಲ್ಲಿ ಇನ್ನೂ ಯಾರೂ ಹೇಳಿಲ್ಲ. ಹೇಳುವ ಮುಂಚೆ ನಾನೇ ಹೇಳುತ್ತಿದ್ದೇನೆ.

ವಾಟ್ಸಾಪ್_ಅಂಕಲ್
ಮೇಡಂ ಬೇಜಾರು ಮಾಡ್ಕೋಬೇಡಿ, ಆದರೆ ಅದು ಸೈಕಾಲಜಿಯಲ್ಲೇ ಇದೆ. ಬೌಲ್ಬಿ ಅಂತ. ತಾಯಿ ಹತ್ತಿರ ಇಲ್ಲದ ಮಕ್ಕಳು ಕಳ್ಳರಾಗುತ್ತಾರೆ ಅಂತ ಪ್ರೂವ್ ಮಾಡಿದ್ದಾರೆ.

ಎಂಎ_ಸೈಕಾಲಜಿ
ಪ್ರೂವ್ ಏನೂ ಮಾಡಿಲ್ಲ ಅಂಕಲ್. 1944ರಲ್ಲಿ ಬೌಲ್ಬಿ ಲಂಡನ್ನಿನ ತನ್ನ ಕ್ಲಿನಿಕ್ಕಿಗೆ ಬಂದ 44 ಕಳ್ಳ ಮಕ್ಕಳ ಬಗ್ಗೆ ಬರೆದ. ಅದರಲ್ಲಿ 14 ಮಕ್ಕಳಿಗೆ ಯಾರ ಮೇಲೂ ಪ್ರೀತಿ, ತಪ್ಪಿನ ಅಳುಕು ಇರಲಿಲ್ಲ. ಆ 14ರಲ್ಲಿ 12 ಮಕ್ಕಳು ಎಳವೆಯಲ್ಲಿ ತಾಯಿಯಿಂದ ಬಹಳ ಕಾಲ ದೂರ ಇದ್ದವರು. ಸರಿ. ಆದರೆ ಮಗುವಿನ ಜೊತೆ ಮಾತಾಡಿದವನೂ ಅವನೇ, ಯಾವ ಗುಂಪಿಗೆ ಸೇರಿಸಬೇಕು ಅಂತ ತೀರ್ಮಾನಿಸಿದವನೂ ಅವನೇ. ದೂರ ಅಂದರೆ ತಿಂಗಳುಗಟ್ಟಲೆ ಆಸ್ಪತ್ರೆ, ಬೇರೆಯವರ ಮನೆ. ಸಂಜೆ ಆರೂವರೆಗೆ ಮೆಟ್ರೋ ಇಳಿದು ಮನೆಗೆ ಬಂದು ಅನ್ನಕ್ಕಿಡುವ ತಾಯಿ ಅಲ್ಲ. 1972ರಲ್ಲಿ ಮೈಕಲ್ ರಟ್ಟರ್ ಇದನ್ನೆಲ್ಲ ಮತ್ತೆ ಕೆದಕಿ, ಬರೀ ದೂರ ಇದ್ದದ್ದಲ್ಲ, ಮನೆಯಲ್ಲಿ ದಿನಾ ಜಗಳ, ಒಡಕು ಇದ್ದದ್ದು ಮಕ್ಕಳನ್ನು ಹೆಚ್ಚು ಕೆಡಿಸುತ್ತದೆ ಅಂದ.

ಶಾರದಾ_ಟೀಚರ್
ಥ್ಯಾಂಕ್ಸ್ ಕಣಮ್ಮ (ಅಥವಾ ಕಣಪ್ಪ). ತಂದೆ ಎಲ್ಲಿ ಹೋಗಿದ್ದ ಅಂತ ಯಾರೂ ಕೇಳಲ್ಲ, ಅಲ್ವಾ.

ಚೀಟಿ_ಸಂತ್ರಸ್ತೆ
ನೀವೆಲ್ಲ ಬೈಕಿನ ಕಳ್ಳರ ಬಗ್ಗೆಯೇ ಮಾತಾಡುತ್ತಿದ್ದೀರಿ. ನಮ್ಮ ಬಡಾವಣೆಯಲ್ಲಿ ಒಬ್ಬ ಆಂಟಿ ಚೀಟಿ ನಡೆಸುತ್ತಿದ್ದರು. ವರಮಹಾಲಕ್ಷ್ಮಿಗೆ ಎಲ್ಲರಿಗೂ ತಾಂಬೂಲ, ಬ್ಲೌಸ್ ಪೀಸ್. ಕಷ್ಟ ಅಂದವರಿಗೆ ಮೊದಲು ಚೀಟಿ ಎತ್ತಿಕೊಡುತ್ತಿದ್ದರು. ಒಂದು ದಿನ ಮನೆಗೆ ಬೀಗ. ನನ್ನ ಮಗಳ ಮದುವೆ ದುಡ್ಡೂ ಅದರಲ್ಲಿತ್ತು. ಆಮೇಲೆ ಸಿಕ್ಕರು. ಏನಂದರು ಗೊತ್ತಾ? "ನಾನು ಯಾರ ದುಡ್ಡೂ ತಿಂದಿಲ್ಲ, ರೊಟೇಷನ್ ಮಾಡುತ್ತಿದ್ದೆ. ನೀವು ಆರು ತಿಂಗಳು ಸುಮ್ನೆ ಇದ್ದಿದ್ದರೆ ಎಲ್ಲರಿಗೂ ಕೊಡುತ್ತಿದ್ದೆ." ಅಂದರೆ ತಪ್ಪು ನಮ್ಮದು! ಕಂಪ್ಲೇಂಟ್ ಕೊಟ್ಟ ನಾವು ಕಟುಕರು. ಇವರಿಗೆ ಯಾವ ಜೀನ್, ಯಾವ ಬಾಲ್ಯ, ಯಾವ ಸಹವಾಸ ಹೇಳಿ.

ಬಸ್_335ಇ
ನಿಮ್ಮ ಆಂಟಿಯಂಥವರ ಬಗ್ಗೆಯೇ ಒಳ್ಳೆಯ ಕೆಲಸ ಆಗಿದೆ. 1953ರಲ್ಲಿ ಡೊನಾಲ್ಡ್ ಕ್ರೆಸ್ಸಿ ಅಂತ ಒಬ್ಬ ಅಮೆರಿಕದ ಜೈಲುಗಳಲ್ಲಿ, ನಂಬಿ ಕೊಟ್ಟ ಹಣ ತಿಂದವರನ್ನೇ ಹುಡುಕಿ ಮಾತಾಡಿಸಿದ. ಅವನಿಗೆ ಪದೇ ಪದೇ ಮೂರು ವಿಷಯ ಸಿಕ್ಕವು. ಯಾರಿಗೂ ಹೇಳಿಕೊಳ್ಳಲಾಗದ ಒಂದು ಹಣದ ಕಷ್ಟ. ನಂಬಿಕೆಯ ಸ್ಥಾನದಲ್ಲಿ ಇರುವುದರಿಂದ ಸಿಗುವ ಅವಕಾಶ. ಮೂರನೆಯದು, ದುಡ್ಡು ಮುಟ್ಟುವ ಮೊದಲೇ ಮನಸ್ಸಿನಲ್ಲಿ ತಯಾರಾದ ಸಮಜಾಯಿಷಿ: "ಕದಿಯುತ್ತಿಲ್ಲ, ಕೈಗಡ ತಗೊಳ್ತಿದ್ದೀನಿ."

1957ರಲ್ಲಿ ಸೈಕ್ಸ್, ಮಾಟ್ಜಾ ಇಂಥ ಸಮಜಾಯಿಷಿಗಳನ್ನೇ ಪಟ್ಟಿ ಮಾಡಿದರು. ನನ್ನ ಕೈಲಿರಲಿಲ್ಲ. ಯಾರಿಗೂ ನಷ್ಟ ಆಗಿಲ್ಲ. ಅವರಿಗೆ ಹಾಗೇ ಆಗಬೇಕಿತ್ತು. ಬೈಯುವ ನೀವೇನು ಸಾಚಾನಾ. ನನ್ನವರಿಗೋಸ್ಕರ ಮಾಡಿದೆ. ಇವರು ತಪ್ಪನ್ನು ತಪ್ಪು ಅಂತ ಗೊತ್ತಿಲ್ಲದವರಲ್ಲ. ಗೊತ್ತಿದೆ, ಅದಕ್ಕೇ ಸಮಜಾಯಿಷಿ ಬೇಕು. ನನಗೆ ಅನ್ನಿಸುವುದು, ಸರಗಳ್ಳ ಹುಡುಗನಿಗೂ ಚೀಟಿ ಆಂಟಿಗೂ ತಲೆಯೊಳಗೆ ಆಗುವುದು ಹೆಚ್ಚುಕಮ್ಮಿ ಇದೇ. ಆದರೆ ಚೀಟಿ ಆಂಟಿಯನ್ನು ಯಾರೂ ಸೈಕೋ ಅನ್ನಲ್ಲ, ಯಾಕೆಂದರೆ ರೇಷ್ಮೆ ಸೀರೆ ಉಟ್ಟಿರುತ್ತಾರೆ.

ಮಾತು_ಕಡಿಮೆ
ಎಲ್ಲರೂ ಸಮಜಾಯಿಷಿ ಕೊಡುತ್ತಾರೆ. ಸಿಗ್ನಲ್ ಜಂಪ್ ಮಾಡಿದವನೂ "ಎಲ್ಲರೂ ಹೋದರು ಸಾರ್" ಅನ್ನುತ್ತಾನೆ. ಎಲ್ಲರಲ್ಲೂ ಇರುವ ವಿಷಯ ಕೆಲವರು ಮಾತ್ರ ಯಾಕೆ ಕದಿಯುತ್ತಾರೆ ಅಂತ ಹೇಗೆ ಹೇಳೀತು?

ಬಸ್_335ಇ
ಒಳ್ಳೆ ಪ್ರಶ್ನೆ. ಅವರ ಮೇಲಿನ ದೊಡ್ಡ ಟೀಕೆಯೂ ಅದೇ. ಸಮಜಾಯಿಷಿ ಮೊದಲು ಬಂತಾ, ಸಿಕ್ಕಿಬಿದ್ದ ಮೇಲೆ ಹೊಳೆಯಿತಾ ಅಂತ ಜೈಲಿನಲ್ಲಿ ಕೂತವನನ್ನು ಕೇಳಿ ತಿಳಿಯುವುದು ಕಷ್ಟ.

ನಿದ್ದೆಗೆಟ್ಟ_ನರ್ಸ್
ನಾನು ಮನೋರೋಗ ವಾರ್ಡಿನಲ್ಲಿ ಕೆಲಸ ಮಾಡಿದವಳು. ದಯವಿಟ್ಟು "ಸೈಕೋ" ಅನ್ನುವುದು ನಿಲ್ಲಿಸಿ. ಕಿವಿಯಲ್ಲಿ ದನಿ ಕೇಳುವ, ಯಾರೋ ವಿಷ ಹಾಕುತ್ತಿದ್ದಾರೆ ಅಂತ ಹೆದರುವ ರೋಗಿ ಒಂದು ಕಡೆ. ಅವರಲ್ಲಿ ಬಹಳಷ್ಟು ಜನ ಯಾರಿಗೂ ತೊಂದರೆ ಕೊಡಲ್ಲ, ಏಟು ತಿನ್ನುವವರೇ ಹೆಚ್ಚು. ಭ್ರಮೆಯೇ ಇಲ್ಲದೆ, ಮಾತಿನಲ್ಲಿ ಮೋಡಿ ಮಾಡುತ್ತಾ, ಯಾರ ನೋವೂ ತಟ್ಟದೆ ಇರುವವನು ಇನ್ನೊಂದು ಕಡೆ. ಟೀವಿಯವರು ಇಬ್ಬರನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. ಎರಡನೆಯವನನ್ನು ಗುರುತಿಸಲು ಕೆನಡಾದ ರಾಬರ್ಟ್ ಹೇರ್ ಮಾಡಿದ 20 ಅಂಶಗಳ ಪಟ್ಟಿ ಇದೆ, ಒಟ್ಟು 40 ಅಂಕ, ಅಲ್ಲಿ ಸಾಮಾನ್ಯವಾಗಿ 30ರ ಮೇಲೆ ಬಂದರೆ ಸೈಕೋಪತಿ ಅನ್ನುತ್ತಾರೆ. ತರಬೇತಿ ಆದವರು ಕೂತು ಮಾತಾಡಿಸಿ, ಹಳೆಯ ದಾಖಲೆ ಓದಿ ಹಾಕುವ ಅಂಕ ಅದು. ಮೊಬೈಲಿನಲ್ಲಿ ಕ್ವಿಜ್ ಆಡಿ ಅಲ್ಲ.

ಇನ್ನೊಂದು ವಿಷಯ. ನಿಮ್ಹಾನ್ಸ್‌ನವರು ಪರಪ್ಪನ ಅಗ್ರಹಾರದ ಜೈಲಿನಲ್ಲಿ 5,000ಕ್ಕೂ ಹೆಚ್ಚು ಜನರನ್ನು ಪರೀಕ್ಷೆ ಮಾಡಿದ ವರದಿ 2011ರಲ್ಲಿ ಬಂತು. ಮಾನಸಿಕ ಕಾಯಿಲೆ ಅಥವಾ ಚಟದ ತೊಂದರೆ, ಎರಡೂ ಸೇರಿದರೆ ಸುಮಾರು 80 ಪರ್ಸೆಂಟ್. ಕುಡಿತ, ಬೀಡಿ, ಗಾಂಜಾ ಥರದ್ದು ಬಿಟ್ಟು ಬರೀ ಮಾನಸಿಕ ಕಾಯಿಲೆ ಅಂದರೆ 27 ಪರ್ಸೆಂಟ್ ಚಿಲ್ಲರೆ.

ವಾಟ್ಸಾಪ್_ಅಂಕಲ್
ನೋಡಿದಿರಾ, 80 ಪರ್ಸೆಂಟ್! ಅಂದರೆ ಅಪರಾಧಿಗಳಿಗೆ ತಲೆ ಸರಿ ಇರಲ್ಲ ಅಂತಾಯಿತು.

ನಿದ್ದೆಗೆಟ್ಟ_ನರ್ಸ್
ಅಂಕಲ್, ಅರ್ಧ ಓದಿ ಕುಣಿಯಬೇಡಿ. 80ರಲ್ಲಿ ಬಹುಪಾಲು ತಂಬಾಕು, ಕುಡಿತದಂಥ ಚಟ. ಮೇಲಾಗಿ ಜೈಲಿನಲ್ಲಿರುವವರಲ್ಲಿ ಎಷ್ಟೋ ಜನ ವಿಚಾರಣಾಧೀನ ಕೈದಿಗಳು, ತಪ್ಪು ಮಾಡಿದ್ದಾರೆ ಅಂತ ಇನ್ನೂ ತೀರ್ಪಾಗಿಲ್ಲ. ಒಳಗೆ ಹೋದ ಮೇಲೆ ಖಿನ್ನತೆ ಬಂದವರೂ ಇರುತ್ತಾರೆ. ಕಾಯಿಲೆಯಿಂದ ಅಪರಾಧ ಆಯಿತು ಅಂತ ಆ ಲೆಕ್ಕ ಹೇಳುವುದಿಲ್ಲ.

ಹರಟೆ_ಹನುಮಂತನಗರ
ಆ 20 ಅಂಶದ ಪಟ್ಟಿಯಲ್ಲಿ ನಮ್ಮ ಮ್ಯಾನೇಜರ್‌ಗೆ 38 ಗ್ಯಾರಂಟಿ.

ರಾಜಾಜಿನಗರ_ರಘು
ಅಪ್ರೈಸಲ್ ಸೀಸನ್‌ನಲ್ಲಿ 40.

ಮಾತು_ಕಡಿಮೆ
ಇಷ್ಟೆಲ್ಲ ಯಾಕೆ, ನಾರ್ಕೋ ಟೆಸ್ಟ್ ಮಾಡಿಸಿದರೆ ಮನಸ್ಸಿನಲ್ಲಿ ಏನಿದೆ ಅಂತ ಹೊರಗೆ ಬರುತ್ತಲ್ಲ. ಬೆಂಗಳೂರಲ್ಲೇ ಎಷ್ಟೊಂದು ಮಾಡುತ್ತಿದ್ದರು.

ಕರಿಕೋಟು
ಮಾಡುತ್ತಿದ್ದರು, ನಿಜ. ಒಂದು ಕಾಲದಲ್ಲಿ ದೇಶದ ಮೂಲೆ ಮೂಲೆಯಿಂದ ಆರೋಪಿಗಳನ್ನು ಇಲ್ಲಿಗೆ ಕರೆತರುತ್ತಿದ್ದರು. 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಒಪ್ಪಿಗೆ ಇಲ್ಲದೆ ನಾರ್ಕೋ, ಸುಳ್ಳು ಪತ್ತೆ, ಬ್ರೈನ್ ಮ್ಯಾಪಿಂಗ್ ಯಾವುದೂ ಮಾಡುವ ಹಾಗಿಲ್ಲ. ಸಂವಿಧಾನದ 20(3)ನೇ ವಿಧಿ. ಔಷಧಿ ಮಂಪರಿನಲ್ಲಿ ಮನುಷ್ಯ ಕಲ್ಪಿಸಿಕೊಂಡೂ ಮಾತಾಡುತ್ತಾನೆ, ಕೇಳುವವನು ಎಳೆದ ಕಡೆಗೂ ಹೋಗುತ್ತಾನೆ.

"ತಲೆ ಸರಿ ಇರಲಿಲ್ಲ ಅಂದರೆ ಬಿಟ್ಟುಬಿಡುತ್ತಾರೆ" ಅಂತಲೂ ಜನ ತಿಳಿದಿದ್ದಾರೆ. ಹಾಗಿಲ್ಲ. ಹಳೆಯ ಐಪಿಸಿ 84, ಈಗ ಭಾರತೀಯ ನ್ಯಾಯ ಸಂಹಿತೆಯ 22. ಮೂಲ 1843ರ ಇಂಗ್ಲೆಂಡಿನ ಮ್ಯಾಕ್‌ನಾಟನ್ ಕೇಸು. ಆ ಕೃತ್ಯ ಮಾಡುವ ಹೊತ್ತಿನಲ್ಲಿ, ಏನು ಮಾಡುತ್ತಿದ್ದೇನೆ ಅಂತಲೋ ಅದು ತಪ್ಪು ಅಂತಲೋ ತಿಳಿಯುವ ಶಕ್ತಿ ಇರಲಿಲ್ಲ ಅಂತ ಆರೋಪಿಯೇ ತೋರಿಸಿಕೊಡಬೇಕು. ಡಾಕ್ಟರ ಚೀಟಿ ಇದ್ದರೆ ಸಾಲದು. ಟೇಪು ಅಂಟಿಸಿ 3 ಅನ್ನು 8 ಮಾಡಿದವನು ಈ ವಾದ ಎತ್ತಿದರೆ ಜಡ್ಜ್ ನಗುತ್ತಾರೆ.

ಎಂಎ_ಸೈಕಾಲಜಿ
@ಸಂಜೆ_ಕಾಫಿ ಅಣ್ಣ ಹಾಗೆ, ತಮ್ಮ ಹೀಗೆ ಯಾಕೆ ಅಂತ ಕೇಳಿದ್ದಿರಿ. ಒಂದೇ ಮನೆ ಅಂದರೂ ಇಬ್ಬರ ಬದುಕು ಒಂದೇ ಅಲ್ಲ. ಬೇರೆ ಸೆಕ್ಷನ್, ಬೇರೆ ಗೆಳೆಯರು, ಅಪ್ಪನ ಬೇರೆ ಮೂಡು. 2005ರಲ್ಲಿ ಗಾರ್ಡ್ನರ್, ಸ್ಟೈನ್‌ಬರ್ಗ್ ಕಂಪ್ಯೂಟರ್ ಮೇಲೆ ಕಾರು ಓಡಿಸುವ ಆಟ ಆಡಿಸಿದರು. ಒಬ್ಬನೇ ಆಡುವಾಗ ಹರೆಯದ ಹುಡುಗರಿಗೂ ದೊಡ್ಡವರಿಗೂ ಅಂಥ ವ್ಯತ್ಯಾಸ ಇಲ್ಲ. ಗೆಳೆಯರನ್ನು ಪಕ್ಕದಲ್ಲಿ ನಿಲ್ಲಿಸಿದ ತಕ್ಷಣ ಹುಡುಗರು ಎರ್ರಾಬಿರ್ರಿ ಓಡಿಸಿದರು. ದೊಡ್ಡವರು ಹೆಚ್ಚೇನೂ ಬದಲಾಗಲಿಲ್ಲ. ನಿಮ್ಮ ಹುಡುಗ ಒಬ್ಬನೇ ನಡೆದು ಹೋಗಿ ಸರ ಕೀಳುತ್ತಿದ್ದನಾ? ನನಗೇನೋ ಅನುಮಾನ. ಹಾಗಂತ ಇವನೊಬ್ಬನ ಬಗ್ಗೆ ಇಷ್ಟೇ ಕಾರಣ ಅಂತ ಇಲ್ಲಿ ಕೂತು ಹೇಳಲಾರೆ. ಈ ಅಧ್ಯಯನಗಳೆಲ್ಲ ಸಾವಿರ ಹುಡುಗರ ಬಗ್ಗೆ ಹೇಳುತ್ತವೆ, ಒಬ್ಬನ ಬಗ್ಗೆ ಅಲ್ಲ.

ಚೀಟಿ_ಸಂತ್ರಸ್ತೆ
ಸರ ಕಳೆದುಕೊಂಡ ಆ ಹೆಂಗಸಿನ ಬಗ್ಗೆ ಯಾರಾದರೂ ಒಂದು ಮಾತು ಕೇಳಿದಿರಾ?

ಸಂಜೆ_ಕಾಫಿ
ಕೇಳಬೇಕಾದ ಮಾತೇ. ಕತ್ತಿಗೆ ಗೀರು ಬಿದ್ದಿದೆ, ಮಂಡಿಗೆ ಪೆಟ್ಟಾಗಿದೆ. ಮಾಂಗಲ್ಯ ಸರ ಅದು. ಬಾಗಿಲಿಗೆ ಬರಲೇ ಹೆದರುತ್ತಾರಂತೆ, ಈಗ ಅವರ ಯಜಮಾನರು ನೀರು ಹಾಕುತ್ತಾರೆ.

ಇನ್ನೊಂದು ಅರ್ಜೆಂಟ್ ವಿಷಯ. ಹುಡುಗನ ತಾಯಿ ಈಗ ಫೋನ್ ಮಾಡಿದ್ದರು. ಎಫ್‌ಐಆರ್‌ನಲ್ಲಿ ವಯಸ್ಸು 19 ಅಂತ ಬರೆದಿದ್ದಾರಂತೆ. ಗೆಳೆಯ ಹಾಗೆ ಹೇಳು ಅಂದಿದ್ದಕ್ಕೆ ಇವನೂ ತಲೆಯಾಡಿಸಿದ್ದಾನೆ. ಮಾಮೂಲಿ ಕೋರ್ಟಿಗೆ ಹಾಜರು ಮಾಡಿ ಜೈಲಿಗೆ ಕಳಿಸಿದ್ದಾರೆ. ಏನು ಮಾಡಬೇಕು?

ಖಾಕಿ_ನಿವೃತ್ತ
ಅಯ್ಯೋ. ಅಲ್ಲಿ ಇನ್ನೂ ದೊಡ್ಡ ಸಹವಾಸ ಸಿಗುತ್ತೆ. ಒಂದು ದಿನವೂ ಬಿಡಬೇಡಿ.

ಕರಿಕೋಟು
ಗಾಬರಿ ಬೇಡ. ಬಾಲನ್ಯಾಯ ಕಾಯ್ದೆ 2015ರ 9ನೇ ಸೆಕ್ಷನ್ ಪ್ರಕಾರ ಅಪ್ರಾಪ್ತ ಅನ್ನುವ ವಾದವನ್ನು ಯಾವ ಕೋರ್ಟಿನಲ್ಲಿ, ಯಾವ ಹಂತದಲ್ಲಿ ಬೇಕಾದರೂ ಎತ್ತಬಹುದು. ಅಪ್ರಾಪ್ತ ಅಂತಾದರೆ ಬಾಲನ್ಯಾಯ ಮಂಡಳಿಗೆ ಕಳಿಸಲೇಬೇಕು. ಸರ ಕಸಿಯುವುದಕ್ಕೆ ಸಂಹಿತೆಯ 304ರಲ್ಲಿ ಗರಿಷ್ಠ 3 ವರ್ಷ. ಗಾಯ ಆಗಿರುವುದರಿಂದ ಸುಲಿಗೆ ಸೆಕ್ಷನ್ ಹಾಕಿದರೂ, ವಯಸ್ಕ ಅಂತ ವಿಚಾರಣೆ ಮಾಡಲು ಬೇಕಾದ "ಕನಿಷ್ಠ 7 ವರ್ಷ" ಶಿಕ್ಷೆ ಅದರಲ್ಲಿ ಇಲ್ಲ.

ಜಾಮೀನು ಸಾಮಾನ್ಯವಾಗಿ ಸಿಗುತ್ತದೆ, ಸೆಕ್ಷನ್ 12. ಆದರೆ ಬಿಟ್ಟರೆ ಗೊತ್ತಿರುವ ಅಪರಾಧಿಗಳ ಜೊತೆ ಮತ್ತೆ ಸೇರುತ್ತಾನೆ ಅಂತ ಮಂಡಳಿಗೆ ಕಂಡರೆ ಇಲ್ಲ ಅನ್ನಬಹುದು. ಆ ಹೆಡ್ ಕಾನ್‌ಸ್ಟೇಬಲ್ ಮಾತು ಕಾಯ್ದೆಯಲ್ಲೇ ಇದೆ ನೋಡಿ. ಡ್ಯೂಕ್ ಗೆಳೆಯನಿಂದ ಹೇಗೆ ದೂರ ಇಡುತ್ತೀರಿ, ಯಾವ ನೆಂಟರ ಮನೆಯಲ್ಲಿ ಇರುತ್ತಾನೆ, ಕಾಲೇಜಿಗೆ ಯಾರು ಬಿಡುತ್ತಾರೆ ಅಂತ ತಂದೆತಾಯಿ ಈಗಲೇ ಯೋಚಿಸಿಟ್ಟುಕೊಳ್ಳಲಿ. ಪ್ರೊಬೇಷನ್ ಆಫೀಸರ್ ಮನೆಗೆ ಬಂದು ವರದಿ ಬರೆಯುವಾಗ ಇದನ್ನೇ ಕೇಳುತ್ತಾರೆ. ಸಾಡೇಸಾತಿ ಕಥೆ ಹೇಳಬೇಡಿ ಅಂತ ಅಜ್ಜಿಗೂ ಹೇಳಿ.

ಸಂಜೆ_ಕಾಫಿ
ವಯಸ್ಸಿಗೆ ಆಧಾರ್ ಸಾಕಾ ಸರ್?

ಕರಿಕೋಟು
ಸಾಲದು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಅಥವಾ ಶಾಲೆಯ ಜನ್ಮದಿನಾಂಕದ ಸರ್ಟಿಫಿಕೇಟ್ ಮೊದಲು. ಅದಿಲ್ಲದಿದ್ದರೆ ಪಾಲಿಕೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಒರಿಜಿನಲ್ ಜೊತೆ ಎರಡು ಸೆಟ್ ಜೆರಾಕ್ಸ್ ಇಟ್ಟುಕೊಂಡು ನಾಳೆ ಬೆಳಗ್ಗೆ ಕೋರ್ಟ್ ಶುರುವಾಗುವ ಮೊದಲೇ ವಕೀಲರನ್ನು ಕಾಣಲಿ. ಮತ್ತೆ ರೋಡಿನ ವಾಟ್ಸಾಪ್ ಗ್ರೂಪಿನಲ್ಲಿ ಅವನ ಫೋಟೋ ಓಡಾಡುತ್ತಿದ್ದರೆ ಇವತ್ತೇ ತೆಗೆಸಿ. ಅಪ್ರಾಪ್ತನ ಗುರುತು ಬಹಿರಂಗ ಮಾಡುವುದು ಸೆಕ್ಷನ್ 74ರಲ್ಲಿ ಅಪರಾಧ.

ಸಂಜೆ_ಕಾಫಿ
ಫೋಟೋ ಹಾಕಿದ್ದೇ ಎದುರು ಮನೆಯವರು. ಈಗಲೇ ಹೋಗಿ ಹೇಳುತ್ತೇನೆ.